ಶಿವದಾರಕ್ಕೆ ಕಟ್ಟಿದ ಪಟದ ಎಳೆ

ಕಳೆದ ಜ್ಯೇಷ್ಠದಲ್ಲಿ ಬಂಧುಗಳ ಮನೆಯ ಮದುವೆಗೆಂದು ಅಣ್ಣಿಗೇರಿಗೆ ಹೊರಟಿದ್ದೆ. ನವಲಗುಂದ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಬಸ್ಸಿನ ಗಾಲಿ ಪಂಕ್ಚರಾಗಿ, ಎಲ್ಲರೂ ಇಳಿದು ರಸ್ತೆಯ ಬದಿಗೆ ನಿಂತೆವು. ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಎರೆಹೊಲ. ಪಡುವಣ ಗಾಳಿ ಬೀಸುತ್ತಿತ್ತು. ನಾಲ್ಕು ಹನಿ ಬಿದ್ದವು; ಬಿದ್ದೊಡನೆ ಒಣಗಿದ ಕರಿಮಣ್ಣು ತನ್ನ ವಾಸನೆಯನ್ನು ಬಿಟ್ಟಿತು. ಜೊತೆಗಿದ್ದವರೆಲ್ಲ ಮೂಗರಳಿಸಿ ಹಿತವೆಂದರು. ನನ್ನ ಬಲಗೈ ಮಾತ್ರ ನನ್ನನ್ನು ಕೇಳದೆ ಎದೆಯ ಮೇಲೆ ಹೋಗಿ, ಅಂಗಿಯ ಕೆಳಗಿನ ಲಿಂಗದ ಬೆಳ್ಳಿಯ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬಾಜು ನಿಂತಿದ್ದ ತರುಣನೊಬ್ಬ ಗಾಬರಿಯಿಂದ, "ಎದಿ ನೋಯಾಕತ್ತೇತೇನ್ರಿ ಅಜ್ಜಾರ?" ಎಂದು ಕೇಳಿದ. ಇಲ್ಲವೆಂದೆ. ಅದು ನೋವಲ್ಲ, ಭಯ. ಎಂಬತ್ತರ ದಶಕದ ಒಂದು ಮುಂಗಾರಿನಲ್ಲಿ ಇಂಥದೇ ಹೊಲದಲ್ಲಿ ನನ್ನೊಳಗೆ ಸೇರಿದ್ದು, ವಾಸನೆ ಹಿಡಿದು ಎದ್ದು ಬಂದಿತ್ತು.

ಆಗ ನಾನು ಇದೇ ರಸ್ತೆಯ ಬದಿಯ ಒಂದು ಊರಿನ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದೆ. ವಯಸ್ಸು ನಲವತ್ತರ ಹತ್ತಿರ. ನಮ್ಮದು ಮಠದ ಮನೆತನ. ಊರವರು ನನ್ನನ್ನು ಅಯ್ಯಾರ ಎಂದೇ ಕರೆಯುತ್ತಿದ್ದರು. ಹೆಂಡತಿ ಬಾಣಂತನಕ್ಕೆಂದು ತವರೂರಾದ ಮಿಶ್ರಿಕೋಟಿಗೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ನನ್ನ ತಾಯಿ ಇಬ್ಬರೇ. ಇಂಥ ಮನುಷ್ಯನಿಗೆ ಗಾಳಿಪಟದ ಹುಚ್ಚು ಹೇಗೆ ಹತ್ತಿತೆಂದು ಕೇಳಿದರೆ, ಅದಕ್ಕೆ ಕಾರಣ ದರ್ಜಿ ದಾವಲಸಾಬ.

ದಾವಲಸಾಬನ ಹೆಂಡತಿಯ ತಮ್ಮ ಅಳ್ನಾವರದ ಸ್ಟೇಷನ್ನಿನಲ್ಲಿ ಚಹಾ ಮಾರುತ್ತಿದ್ದ. ಗೋವೆಯ ಗಾಡಿಯಲ್ಲಿ ಹೋಗುತ್ತಿದ್ದ ಪರದೇಶದವನೊಬ್ಬ ಹರಿದುಹೋದ ಬಟ್ಟೆಯ ಪಟವೊಂದನ್ನು ಅವನ ಅಂಗಡಿಯಲ್ಲಿಯೇ ಬಿಟ್ಟು ಹೋದನಂತೆ. ಅದು ದಾವಲಸಾಬನ ಕೈಗೆ ಬಂತು. ಅವನು ಹಳೆಯ ಕೋಟನ್ನು ಬಿಚ್ಚಿ ಅಳತೆ ತೆಗೆಯುವಂತೆ ಅದರ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಕಾಗದದ ಮೇಲಿಟ್ಟು ಗೆರೆ ಎಳೆದುಕೊಂಡು, ಕೊಡೆಯ ಅರಿವೆಯಲ್ಲಿ ಅಂಥವೇ ಮೂರು ಪಟಗಳನ್ನು ಹೊಲಿದ. ಕಾರಹುಣ್ಣಿಮೆಗೆ ನಾವು ಹಾರಿಸುವ ಕಾಗದದ ಪಟಕ್ಕೆ ಒಂದೇ ದಾರ, ಹಿಂದೆ ಒಂದು ಬಾಲಂಗೋಚಿ. ಅದು ಮೇಲೇರಿ ನಿಂತರೆ ಸಾಕು. ಇದಕ್ಕೆ ಬಾಲವಿಲ್ಲ, ದಾರ ಎರಡು, ಒಂದೊಂದು ಕೈಗೆ ಒಂದೊಂದು ಕಟ್ಟಿಗೆಯ ಹಿಡಿ. ಬಲಗೈ ಎಳೆದರೆ ಬಲಕ್ಕೆ ಹೊರಳುತ್ತದೆ, ಎಡಗೈ ಎಳೆದರೆ ಎಡಕ್ಕೆ. ಎಳೆದೇ ಹಿಡಿದರೆ ಗಿರಕಿ ಹೊಡೆಯುತ್ತದೆ. ಮೂಗು ಕೆಳಗೆ ಮಾಡಿ ಹದ್ದಿನಂತೆ ಎರಗಿಸಬಹುದು. ನೆಲಕ್ಕೆ ಒಂದಾಳೆತ್ತರ ಇರುವಾಗ ತಿರುಗಿಸಿ ಮತ್ತೆ ಏರಿಸಬಹುದು. ಆ ಬೇಸಿಗೆಯೆಲ್ಲ ನಮ್ಮ ಪ್ರತಿ ರವಿವಾರವೂ ಇದಕ್ಕೇ ಮೀಸಲಾಯಿತು. ಯಾರದು ನೆಟ್ಟಗೆ ಎಂಟರ ಅಂಕಿ ಬರೆಯುತ್ತದೆ, ಯಾರದು ನೆಲಕ್ಕೆ ಹೆಚ್ಚು ಹತ್ತಿರ ಬಂದು ಏಳುತ್ತದೆ ಎಂದು ಹೋಲಿಸುವುದು. ಸೋತವನು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಉಳಿದವರಿಗೆ ಗಿರಮಿಟ್ ತಿನ್ನಿಸುವುದು.

ನಮ್ಮಲ್ಲಿ ಮೂರನೆಯವನು ಯಲ್ಲಪ್ಪ. ನಮ್ಮ ಶಾಲೆಯ ಗಣಿತದ ಮಾಸ್ತರ. ಕಲಘಟಗಿ ಕಡೆಯ ದೇವಿಕೊಪ್ಪದವನು. ಬುದ್ಧನನ್ನು ನೆನೆಯುವ ಮನೆತನ. ಹಿಂದೆ ಅವರಿಗೆ ಊರ ಹೊರಗೇ ಮನೆ, ಊರ ಬಾವಿಯ ನೀರು ಸೇದುವಂತಿರಲಿಲ್ಲ. ಆ ಮನೆತನದಲ್ಲಿ ಡಿಗ್ರಿ ಓದಿದವರಲ್ಲಿ ಅವನೇ ಮೊದಲಿಗ. ಸಣಕಲು ದೇಹ, ಉದ್ದನೆಯ ತೋಳು, ಮಾತು ಕಡಿಮೆ. ರವಿವಾರ ನಮ್ಮ ಮನೆಯ ಮುಂದಿನ ಕಟ್ಟೆಯ ಹತ್ತಿರ ಬಂದು ನಿಂತು, "ಅಯ್ಯಾರ, ಹೋಗೂಣ್ರಿ?" ಎಂದು ಕೂಗುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ನಾನು ಕರೆಯುತ್ತಲೂ ಇರಲಿಲ್ಲ. ಅದು ಅವನ ಸ್ವಭಾವವೆಂದು ತಿಳಿದುಕೊಂಡಿದ್ದೆ. ಹಾಗೆ ತಿಳಿಯುವುದು ನನಗೆ ಸುಲಭವಾಗಿತ್ತು.

ನನ್ನ ಪಟಕ್ಕೆ ನಾನು ನಂದಿ ಎಂದು ಹೆಸರಿಟ್ಟಿದ್ದೆ. ದಾವಲಸಾಬ ಅದನ್ನು ಬಿಡಲಿಲ್ಲ. "ಎಲ್ಲಾ ಬಿಟ್ಟು ನಂದೀನ್ನ ಹಾರಸ್ತೀರಲ್ರಿ ಅಯ್ಯಾರ, ಅದು ಕುಂತಲ್ಲಿಂದ ಎದ್ದದ್ದು ಯಾರರ ನೋಡ್ಯಾರೇನ್ರಿ?" ಎನ್ನುತ್ತಿದ್ದ. ಯಲ್ಲಪ್ಪ ನಗುವನ್ನು ಮೀಸೆಯಲ್ಲಿ ಅಡಗಿಸಿಕೊಳ್ಳುತ್ತಿದ್ದ.

ಇನ್ನು ಭಯದ ಮಾತು. ನಮ್ಮ ಮನೆತನದಲ್ಲಿ ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಇಷ್ಟಲಿಂಗವನ್ನು ಕಟ್ಟುತ್ತಾರೆ. ಅದು ಶಿವದಾರದಲ್ಲಿ ಎದೆಯ ಮೇಲೆಯೇ ಇರಬೇಕು. ಪೂಜೆಯ ಹೊತ್ತಿನಲ್ಲಿ ಎಡ ಅಂಗೈಗೆ ಬಂದು, ಮತ್ತೆ ಎದೆಗೇ ಹೋಗಬೇಕು. ಅಕಸ್ಮಾತ್ ದೇಹದಿಂದ ಅಗಲಿದರೆ, ಮರಳಿ ಬರುವವರೆಗೆ ಅನ್ನವಿಲ್ಲ, ಒಂದು ಗುಟುಕು ನೀರೂ ಇಲ್ಲ. ಕಳೆದುಹೋದರೆ ಗುರುವಿನಿಂದ ಬೇರೊಂದನ್ನು ಪಡೆಯಬಹುದೆಂದು ಹೇಳುವ ಹಿರಿಯರೂ ಇದ್ದಾರೆ. ನಮ್ಮ ಮನೆಯಲ್ಲಿ ನಡೆದು ಬಂದದ್ದು ಅದಕ್ಕಿಂತ ಕಠಿಣ: ಹೋದ ಲಿಂಗದ ಹಿಂದೆ ಪ್ರಾಣವೂ ಹೋಗತಕ್ಕದ್ದು. ನನ್ನ ಲಿಂಗವನ್ನು ಕಟ್ಟಿದವರು ನನ್ನ ಅಜ್ಜನವರು.

ಆ ವರ್ಷ ರೋಹಿಣಿ ಮಳೆ ಆಗಲಿಲ್ಲ. ಮೃಗಶಿರದ ಮಿರಗವೂ ಒಣಗಿಯೇ ಸಾಗುತ್ತಿತ್ತು. ಹೆಸರು ಬಿತ್ತುವವರು ಬೀಜ ಹಸನ ಮಾಡಿಟ್ಟುಕೊಂಡು ಆಕಾಶ ನೋಡುತ್ತಿದ್ದರು. ಎರೆಭೂಮಿ ಬಾಯಿ ಬಿಟ್ಟಿತ್ತು. ನಾವು ಪಟ ಹಾರಿಸುತ್ತಿದ್ದ ಬೀಳುಹೊಲದಲ್ಲಿ ಹೆಜ್ಜೆಗೊಂದು ಬಿರುಕು; ಕೆಲವು ಅಂಗೈ ಅಗಲ, ತೋಳು ಇಳಿಬಿಟ್ಟರೂ ತಳ ಸಿಗದಷ್ಟು ಆಳ. ಮಳೆಯೊಂದು ಬಂದರೆ ಈ ಮಣ್ಣು ಉಬ್ಬಿ, ಬಿರುಕುಗಳೆಲ್ಲ ಮುಚ್ಚಿ, ನೆಲ ಏನೂ ಆಗದಂತೆ ಸಪಾಟಾಗಿ ಮಲಗುತ್ತದೆ.

ಕಾರಹುಣ್ಣಿಮೆಯ ಹಿಂದಿನ ವಾರ ಕರಡಿಗೆಯ ಮುಚ್ಚಳ ಸಡಿಲವಾಗಿ ಅದನ್ನು ಪತ್ತಾರನಿಗೆ ಕೊಟ್ಟಿದ್ದೆ. ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಸುತ್ತಿ ಶಿವದಾರಕ್ಕೆ ಕಟ್ಟಿಕೊಂಡಿದ್ದೆ. ರವಿವಾರ ಬೆಳಗಿನ ಪೂಜೆಯ ಹೊತ್ತಿಗೆ ಶಿವದಾರವೇ ಒಂದು ಕಡೆ ಸವೆದು ಎಳೆ ಬಿಟ್ಟಿರುವುದು ಕಂಡಿತು. ಹೊಸ ದಾರ ಹೊಸೆಯಲು ಒಂದು ತಾಸು ಬೇಕು. ಹೊರಗೆ ಗಾಳಿ ಎದ್ದಿತ್ತು. ಯಲ್ಲಪ್ಪ ಕಟ್ಟೆಯ ಹತ್ತಿರ ಬಂದು ಕೂಗಿದ. ಕಿಟಕಿಯ ಮೇಲೆ ನಂದಿಯ ಉಳಿಕೆ ದಾರದ ತುಂಡಿತ್ತು: ಮೀನಿನ ಬಲೆಗೆ ಬಳಸುವ ನೈಲಾನ್ ದಾರ, ಆನೆ ಎಳೆದರೂ ಹರಿಯದು. ಸವೆದ ಕಡೆ ಕತ್ತರಿಸಿ, ಮಧ್ಯೆ ಆ ತುಂಡನ್ನು ಸೇರಿಸಿ ಗಂಟು ಹಾಕಿದೆ.

ಆ ದಾರದ ಗುಣವನ್ನು ದಾವಲಸಾಬ ಮೊದಲ ದಿನವೇ ಹೇಳಿದ್ದ. ನೂಲಿಗೆ ಹಾಕಿದ ಗಂಟು ತಾನೇ ಬಿಗಿಯುತ್ತದೆ, ನೈಲಾನಿಗೆ ಹಾಕಿದ್ದು ಜಾರುತ್ತದೆ; ಗಂಟಿನ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ ಗುಬುಟು ಮಾಡಲೇಬೇಕು. ಪಟದ ಗಂಟುಗಳನ್ನು ಅವನು ಬೀಡಿಯ ಕೆಂಡದಿಂದ ಸುಡುತ್ತಿದ್ದ. ನನಗೆ ಅದು ನೆನಪಾಗದೆ ಇರಲಿಲ್ಲ. ದೀಪವೂ ಎದುರಿಗೇ ಉರಿಯುತ್ತಿತ್ತು. ಆದರೆ ಶಿವದಾರಕ್ಕೆ ಬೆಂಕಿ ತಾಗಿಸಲು ಕೈ ಬರಲಿಲ್ಲ. ಆಟದ ದಾರವನ್ನು ಲಿಂಗಕ್ಕೆ ಕಟ್ಟಲು ಹೇಸದ ಮನಸ್ಸು, ಅದನ್ನು ಸುಡಲು ಅಂಜಿತು. ಮೂರು ಗಂಟು ಹಾಕಿ ಹೊರಟೆ.

ಅಂದಿನ ಗಾಳಿಯಂಥ ಗಾಳಿಯನ್ನು ಮತ್ತೆ ನಾನು ಕಂಡಿಲ್ಲ. ನಂದಿ ಎದ್ದ ಕೂಡಲೇ ನನ್ನ ಭುಜಗಳನ್ನು ಜಗ್ಗಿತು. ಎರಡು ಎಂಟು ಬರೆದೆ. ಮೂರನೆಯ ಬಾರಿ ಕೆಳಗೆ ಎರಗಿಸಿದಾಗ ಅದು ಏಳಲೊಪ್ಪದೆ ನನ್ನನ್ನೇ ಎಳೆದುಕೊಂಡು ಹೊರಟಿತು. ಹಿಮ್ಮಡಿ ಊರಿ, ಅಡ್ಡಡ್ಡ ಓಡಿ, ಬಿರುಕುಗಳನ್ನು ಹಾರಿ, ಕೊನೆಗೆ ಬಲಭುಜದ ಮೇಲೆ ಬಿದ್ದೆ. ಹಿಡಿಗಳು ಕೈಯಿಂದ ಹಾರಿದವು. ಪಟ ಹೋಗಿ ಹೊಲದ ಮೂಡಣ ಅಂಚಿನ ಜಾಲಿಗಿಡಕ್ಕೆ ಸಿಕ್ಕಿಕೊಂಡಿತು. ದಾವಲಸಾಬ ನಗುತ್ತ ಬಂದು, ನಂದಿ ಎದ್ದದ್ದನ್ನಂತೂ ಇವತ್ತು ನೋಡಿದಂತಾಯಿತು, ಗಿರಮಿಟ್ ನಿಮ್ಮದೇ ಎಂದ. ನಾನೂ ನಕ್ಕು ಮೈಯ ಮಣ್ಣು ಕೊಡವಿಕೊಂಡೆ. ಎದೆಯ ಮೇಲೆ ಕೈ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ಕತ್ತಲಾಗುವವರೆಗೆ ಮೂವರೂ ಹುಡುಕಿದೆವು. ಶಿವದಾರ ಮಾತ್ರ ಸಿಕ್ಕಿತು, ನನ್ನ ಅಂಗಿಯ ಒಳಗೇ. ನೈಲಾನ್ ತುಂಡು ಜಾರಿಹೋಗಿ, ನೂಲಿನ ಎಳೆಗಳ ತುದಿಯಲ್ಲಿ ಗಂಟೇ ಇರಲಿಲ್ಲ, ಯಾರೋ ಮೆಲ್ಲಗೆ ಬಿಚ್ಚಿಟ್ಟಂತೆ. ಓಡಿದ ದಾರಿ ಯಾವುದು, ಬಿದ್ದ ಜಾಗ ಯಾವುದು, ಆ ಬಯಲಿನಲ್ಲಿ ಗುರುತೇ ಹತ್ತಲಿಲ್ಲ. ಊರಿನಲ್ಲಿ ಯಾರಿಗೂ ಹೇಳಬೇಡಿರೆಂದು ಗೆಳೆಯರಲ್ಲಿ ಬೇಡಿಕೊಂಡೆ.

ಆ ರಾತ್ರಿ ಮನೆಯಲ್ಲಿ ತಾಯಿ ದೀಪ ಹಚ್ಚಿ, ಪತ್ರಿ ವಿಭೂತಿ ಇಟ್ಟಿದ್ದರು. ನಾನು ಅವರಿಗೆ ಬೆನ್ನು ಮಾಡಿ ಕುಳಿತು, ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬರಿಯ ಅಂಗೈಗೆ ನೀರೆರೆದೆ. ಬರಿಯ ಅಂಗೈಗೆ ಪತ್ರಿ ಏರಿಸಿದೆ. ಮಂತ್ರ ಹೇಳುವ ಧ್ವನಿ ನನ್ನದೆನ್ನಿಸಲಿಲ್ಲ. ಪೂಜೆ ಮುಗಿಸಿ ಪಾದೋದಕ ತೆಗೆದುಕೊಳ್ಳುವಾಗ ಲೋಟವನ್ನು ತುಟಿಗೆ ತಾಗಿಸದೆ ಕೆಳಗಿಟ್ಟೆ. ಹಿಂದಿನಿಂದ ತಾಯಿಯ ಮಾತು ಬಂತು.

"ಎಲ್ಲಿ ಹೋತು?"

ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ, ಬಯ್ಯಲಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಇಳಿಸಿ, ನೀರಿನ ಕೊಡಕ್ಕೆ ಮುಚ್ಚಳ ಹಾಕಿ ಬಂದು ಕುಳಿತರು. "ನೀ ಕುಡಿಯೂತನಕ ನಾನೂ ಇಲ್ಲ" ಎಂದಷ್ಟೇ ಹೇಳಿದರು. ಅವರಿಗೆ ಅರವತ್ತೆಂಟು ವರ್ಷ.

ಸೋಮವಾರ ಶಾಲೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಹತ್ತಿ ವಿಸರ್ಗ ಹೊರಡದಾಯಿತು. ದಾಹಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಪಡುವಣದ ಆಕಾಶ. ಊರೆಲ್ಲ ಯಾವ ಮೋಡಕ್ಕಾಗಿ ಕೈ ಮುಗಿಯುತ್ತಿತ್ತೋ, ಆ ಮೋಡದ ಅಂಚು ಕಂಡರೆ ನಾನು ತರಗತಿಯ ಕಿಟಕಿ ಮುಚ್ಚಿಸುತ್ತಿದ್ದೆ. ಒಂದು ಮಳೆ ಸಾಕು, ಹೊಲ ಬಾಯಿ ಮುಚ್ಚುತ್ತದೆ. ಮನೆಗೆ ಬಂದರೆ ತಾಯಿ ಕಂಬಕ್ಕೆ ಆತು ಕುಳಿತಿದ್ದರು, ತುಟಿ ಬಿಳಿಚಿತ್ತು. ನೀವಾದರೂ ಕುಡಿಯಿರೆಂದು ಕಾಲು ಹಿಡಿದೆ. ಅವರು ಕಾಲನ್ನು ಎಳೆದುಕೊಂಡರು.

ಅತ್ತ ಯಲ್ಲಪ್ಪ ಎರಡು ದಿನ ರಜೆ ಹಾಕಿದ್ದ. ಸುಮ್ಮನೆ ಹುಡುಕಿದರೆ ಆಗದ ಮಾತು, ಲೆಕ್ಕ ಹಾಕಬೇಕೆಂದು ಅವನು ದಾವಲಸಾಬನಿಗೆ ಹೇಳಿದನಂತೆ. ದಾರಗಳ ಉದ್ದ ನೂರೈವತ್ತು ಅಡಿ, ಅದು ಗೊತ್ತಿದೆ. ನಾನು ಹಿಡಿ ಬಿಟ್ಟಾಗ ಪಟ ನೆಲಕ್ಕೆ ಹತ್ತಿರವಿತ್ತು, ಜಾಲಿಗಿಡದ ಮಗ್ಗುಲಲ್ಲೇ ಇತ್ತು. ಹಾಗಿದ್ದರೆ ಬಿದ್ದ ಜಾಗ ಗಿಡದಿಂದ ಪಡುವಣಕ್ಕೆ ದಾರದುದ್ದದ ಆಸುಪಾಸಿನಲ್ಲಿಯೇ ಇರಬೇಕು. ಗಿಡದ ಬುಡಕ್ಕೆ ದಾರ ಕಟ್ಟಿ, ಇನ್ನೊಂದು ತುದಿ ಹಿಡಿದು, ಕಂಪಾಸಿನಂತೆ ಹೊಲದ ಮೇಲೆ ಕಮಾನು ಎಳೆದು, ಆ ಕಮಾನಿನ ಮೇಲಿನ ಬಿರುಕುಗಳನ್ನು ಒಂದೊಂದಾಗಿ ನೋಡುತ್ತ ಹೋದ. ಆಳದೊಳಗೆ ಬೆಳಕು ಇಳಿಯದ್ದಕ್ಕೆ ದಾವಲಸಾಬ ತನ್ನ ಅಂಗಡಿಯ ನಿಲುವುಗನ್ನಡಿಯನ್ನೇ ಹೊತ್ತು ತಂದು, ಬಿಸಿಲನ್ನು ಬಿರುಕಿನೊಳಕ್ಕೆ ಹೊಡೆಯುತ್ತಿದ್ದ.

ಮಂಗಳವಾರ ಬೆಳಿಗ್ಗೆ ಊರ ಹಿರಿಯರು ಮನೆಗೆ ಬಂದರು. ಈಶ್ವರನ ಗುಡಿಯಲ್ಲಿ ಮಳೆಗಾಗಿ ನೀರು ತುಂಬಬೇಕೆಂದು ಗೊತ್ತು ಮಾಡಿದ್ದರು: ಗರ್ಭಗುಡಿಯ ಬಾಗಿಲಿಗೆ ಒಡ್ಡು ಕಟ್ಟಿ, ಲಿಂಗದ ಕೊರಳು ಮುಳುಗುವವರೆಗೆ ಕೊಡಗಟ್ಟಲೆ ನೀರು ಸುರಿಯುವುದು ನಮ್ಮ ಕಡೆಯ ವಾಡಿಕೆ. ಮಂತ್ರ ನಾನೇ ಹೇಳಬೇಕು. ಮೈಮೇಲೆ ಲಿಂಗವಿಲ್ಲದವನು ಗರ್ಭಗುಡಿಯ ಹೊಸ್ತಿಲು ದಾಟುವಂತಿಲ್ಲ. ಒಲ್ಲೆನೆಂದರೆ ಕಾರಣ ಹೇಳಬೇಕಾಗುತ್ತದೆ. ಜ್ವರವೆಂದು ಸುಳ್ಳು ಹೇಳಿ, ಹೊಸ್ತಿಲ ಹೊರಗೆ ಕುಳಿತು ರುದ್ರವನ್ನು ಹೇಳತೊಡಗಿದೆ. ಸಾಲಾಗಿ ನಿಂತ ಜನ ಕೊಡದಿಂದ ಕೊಡ ದಾಟಿಸುತ್ತಿದ್ದರು. ಎರಡು ದಿನದಿಂದ ನೀರು ಕಾಣದ ನನ್ನ ಎದುರಿಗೇ ನೀರು ತುಳುಕುತ್ತ ಹೋಗುತ್ತಿತ್ತು. ಬಾಯಿ ಮಳೆಯನ್ನು ಬೇಡುತ್ತಿತ್ತು. ಮನಸ್ಸು, ಇನ್ನೊಂದು ದಿನ ತಡೆ ತಂದೆ, ಒಂದೇ ದಿನ, ಎಂದು ಹಲುಬುತ್ತಿತ್ತು. ನೂರಾರು ಹೊಲಗಳ ಬಿತ್ತಿಗೆಯನ್ನು ನನ್ನೊಬ್ಬನ ಸಲುವಾಗಿ ತಡೆಯೆಂದು ಶಿವನ ಎದುರಿಗೇ ಕುಳಿತು ಬೇಡಿದವನು ನಾನು. ಆ ಪಾಪದ ಹೆದರಿಕೆಯ ಮುಂದೆ ಸಾವಿನ ಹೆದರಿಕೆ ಸಣ್ಣದೆನಿಸಿತು.

ನೀರು ಲಿಂಗದ ಕೊರಳಿಗೆ ಬರುವಷ್ಟರಲ್ಲಿ ಗುಡಿಯ ಅಂಗಳದ ಬಿಸಿಲು ಆರಿತು. ಯಾರೋ ಮೋಡ ಕಂಡು "ಮಾಡ ಆತ್ರಿ" ಎಂದು ಕೂಗಿದರು. ಜನರೆಲ್ಲ ಹೊರಗೆ ನುಗ್ಗಿದರು. ಅದೇ ಹೊತ್ತಿಗೆ ದಾವಲಸಾಬನ ಸೈಕಲ್ಲು ಗುಡಿಯ ಮುಂದೆ ಬಂದು ನಿಂತಿತು. ಅವನು ಇಳಿಯಲಿಲ್ಲ. "ಕಂಡೈತ್ರಿ ಅಯ್ಯಾರ. ಲಗೂ ಹತ್ರಿ" ಎಂದ.

ಕ್ಯಾರಿಯರ್ ಮೇಲೆ ಅವನ ಸೊಂಟ ಹಿಡಿದು ಕುಳಿತ ನನಗೆ ದಾರಿ ಕಾಣುತ್ತಿರಲಿಲ್ಲ. ಹೊಲದ ಅಂಚಿಗೆ ಬಂದಾಗ ದಪ್ಪ ಹನಿಗಳು ಶುರುವಾದವು; ಆ ವಾಸನೆ ಎದ್ದಿತು. ನಡುಹೊಲದಲ್ಲಿ ಯಲ್ಲಪ್ಪ ಒಂದು ಬಿರುಕಿನ ಮೇಲೆ ಮಂಡಿಯೂರಿ ಬಾಗಿದ್ದ. ಅಂಗಿ ತೆಗೆದು ಬಿರುಕಿನ ಒಂದು ಕಡೆ ಒಡ್ಡು ಮಾಡಿದ್ದ. ಇನ್ನೊಂದು ಕಡೆ ಕೈಯಿಂದ ಮಣ್ಣೆಳೆದು ಹರಿದು ಬರುವ ನೀರನ್ನು ತಡೆಯುತ್ತಿದ್ದ. ಬೆನ್ನಿನ ಮೇಲೆ ಮಳೆ ಬೀಳುತ್ತಿತ್ತು. ಬಿರುಕಿನ ಆಳದಲ್ಲಿ ಬಿಳಿಯ ವಸ್ತ್ರದ ಒಂದು ಚೂರು ಕಾಣುತ್ತಿತ್ತು.

ನನ್ನ ಬಲಭುಜ ಬಾತು ಮೇಲೇಳದಾಗಿತ್ತು. ನೆಲಕ್ಕೆ ಕೆನ್ನೆ ಹಚ್ಚಿ ಎಡಗೈ ಇಳಿಬಿಟ್ಟೆ. ಬೆರಳ ತುದಿಗೆ ಅರಿವೆ ತಾಗಿತು; ತಾಗಿದೊಡನೆ ಇನ್ನಷ್ಟು ಕೆಳಗೆ ಜಾರಿತು. ಕೈ ಹೊರಗೆಳೆದುಕೊಂಡೆ. ಮತ್ತೆ ಮುಟ್ಟುವ ಧೈರ್ಯ ಬರಲಿಲ್ಲ. ಬಿರುಕಿನ ಅಂಚು ನೆನೆದು ಕಳಚಿ ಬೀಳತೊಡಗಿತ್ತು. ಆಗ ಯಲ್ಲಪ್ಪನ ತೋಳುಗಳನ್ನು ನೋಡಿದೆ. ನನ್ನದಕ್ಕಿಂತ ಗೇಣುದ್ದ ಹೆಚ್ಚಿನವು, ಕೋಲಿನಂಥವು.

ಅದನ್ನು ಕಂಡದ್ದು ಯಾವಾಗ ಎಂದು ಕೇಳಿದೆ. ಅರ್ಧ ತಾಸಾಯಿತೆಂದ. ಆಗ ಇನ್ನೂ ಮೇಲೆಯೇ ಇತ್ತು, ಮೊಣಕೈ ಮಟ್ಟಕ್ಕೆ.

"ಮತ್ತ ತಗೀಲಿಲ್ಲ ಯಾಕ?"

ಅವನು ನನ್ನ ಮುಖ ನೋಡದೆ ಮಣ್ಣನ್ನು ಒತ್ತುತ್ತಲೇ ಇದ್ದ. "ನಾ ಹೆಂಗ ಮುಟ್ಲ್ರಿ ಅಯ್ಯಾರ?" ಎಂದ.

ನೋಡಿದರೆ ಬಿರುಕಿನೊಳಗೆ ಒಂದು ಬೆರಳೂ ಇಳಿಯದಂತೆ ಅವನು ಅಂಚಿನ ಹೊರಗೇ ಮಣ್ಣು ಒತ್ತುತ್ತಿದ್ದ. ಎರಡು ದಿನದಿಂದ ಭಯವೆಂದರೆ ನನ್ನೊಬ್ಬನದೇ ಎಂದುಕೊಂಡಿದ್ದೆ. ಶಾಲೆಯಲ್ಲಿ ನನ್ನ ಬಾಜುವಿನ ಕೋಣೆಯಲ್ಲಿ ನಿಂತು ಪಾಠ ಹೇಳುವವನು, ರವಿವಾರಕ್ಕೊಮ್ಮೆ ನನ್ನ ಜೊತೆ ಒಂದೇ ಗಾಳಿಗೆ ಪಟ ಬಿಡುವವನು, ನನ್ನ ಪ್ರಾಣ ಮೊಣಕೈ ಮಟ್ಟದಲ್ಲಿ ಬಿದ್ದಿರುವುದನ್ನು ಕಂಡೂ ಮುಟ್ಟಲಾರದೆ, ಅದರ ಸುತ್ತ ಒಡ್ಡು ಕಟ್ಟುತ್ತ ಮಳೆಯಲ್ಲಿ ಕುಳಿತಿದ್ದ. ಅವನ ಭಯ ನನ್ನದಕ್ಕಿಂತ ಬಹಳ ಹಳೆಯದು. ಅದನ್ನು ಅವನಲ್ಲಿ ಉಳಿಸಿದವರಲ್ಲಿ, ಕಟ್ಟೆಯಿಂದ ಒಳಗೆ ಕರೆಯದ ನಾನೂ ಒಬ್ಬ.

"ತಗೀ ಯಲ್ಲಪ್ಪಾ" ಎಂದೆ. ಅವನು ಅಲುಗಲಿಲ್ಲ. "ನಿನ್ನ ಕೈ ಮುಗೀತೇನಿ, ತಗೀ."

ಅವನು ಅಂಗೈಗಳನ್ನು ಮಳೆನೀರಿಗೆ ಹಿಡಿದು, ಎರಡೆರಡು ಸಲ ತೊಳೆದುಕೊಂಡ. ಆಮೇಲೆ ಮಲಗಿ, ಭುಜದವರೆಗೆ ತೋಳನ್ನು ಇಳಿಸಿದ. ಕಣ್ಣು ಮುಚ್ಚಿದ್ದ. ಹೊರಬಂದ ಅವನ ಅಂಗೈಯ ಮೇಲೆ, ಕರಿಮಣ್ಣು ಮೆತ್ತಿದ ವಸ್ತ್ರದಲ್ಲಿ, ನನ್ನ ಅಜ್ಜ ಕಟ್ಟಿದ ಲಿಂಗವಿತ್ತು. ನಾನು ಎರಡೂ ಕೈ ಒಡ್ಡಿದೆ. ಕೊಡುವಾಗ ಅವನು ತಗ್ಗಿದ ದನಿಯಲ್ಲಿ, "ಅವ್ವಾರ ಕೇಳಿದ್ರ, ನೀವ ತಗದ್ರಿ ಅಂತ ಹೇಳ್ರಿ" ಎಂದ.

ಮನೆಗೆ ಬಂದಾಗ ಮಳೆ ಧೋ ಎಂದು ಸುರಿಯುತ್ತಿತ್ತು. ಬೀದಿಯ ತುಂಬ ಜನ ನೆನೆಯುತ್ತ ನಗುತ್ತಿದ್ದರು. ಅಯ್ಯಾರ ಮಂತ್ರಕ್ಕೆ ಮಳೆಯಾಯಿತೆಂದು ಕೆಲವರು ನನ್ನ ಕಾಲು ಮುಟ್ಟಿದರು. ಲಿಂಗವನ್ನು ತೊಳೆದು, ತಾಯಿ ತಾವೇ ಹೊಸೆದಿಟ್ಟಿದ್ದ ಹೊಸ ಶಿವದಾರಕ್ಕೆ ಕಟ್ಟಿ, ಪೂಜೆ ಮಾಡಿ, ಪಾದೋದಕ ತೆಗೆದುಕೊಂಡೆ, ಅವರಿಗೂ ಕೊಟ್ಟೆ. ಎರಡು ಗುಟುಕು ಕುಡಿದು, ಉಸಿರು ತಿರುಗಿದ ಮೇಲೆ ಅವರು, ಯಾರು ತೆಗೆದರೆಂದು ಕೇಳಿದರು. ನಾನೇ ತೆಗೆದೆನೆಂದೆ. ಅವರು ಬಾತ ನನ್ನ ಭುಜವನ್ನು ನೋಡಿದರು.

ಮಳೆ ನಾಲ್ಕು ದಿನ ಹಿಡಿದು, ಶನಿವಾರ ನಿಂತು ಹೊರಪಾಯಿತು. ಬೀಳುಹೊಲದ ಬಿರುಕುಗಳೆಲ್ಲ ಮುಚ್ಚಿದ್ದವು. ರವಿವಾರ ಬೆಳಿಗ್ಗೆ ಯಲ್ಲಪ್ಪ ಎಂದಿನಂತೆ ಕಟ್ಟೆಯ ಹತ್ತಿರ ಬಂದು ನಿಂತು ಕೂಗಿದ. ಒಳಗೆ ಅಕ್ಕಿ ಆರಿಸುತ್ತಿದ್ದ ತಾಯಿ ತಲೆಯೆತ್ತದೆ ಹೇಳಿದರು.

"ಒಳಗ ಕರಿ ಅವರ್ನ. ನಿನ್ನ ಸಲುವಾಗಿ ಎರಡು ದಿನ ಬಿಸಲಾಗ ನಿಂತಾರ. ಒಂದು ವಾಟಗಾ ಹಾಲರ ಕುಡೀಲಿ, ನನ್ನ ಮುಂದ ಕುಂತು."

ನಾನು ಹೊಸ್ತಿಲ ಮೇಲೆ ನಿಂತುಬಿಟ್ಟೆ. ಒಳಗೆ ಬಂದು ಕುಳಿತರೆ ತಾಯಿ ಮಾತಿಗೆಳೆಯುತ್ತಾರೆ. ಮಾತಿನಲ್ಲಿ ಅವನ ಬಾಯಿಂದ ನಿಜ ಬಂದರೆ ನನ್ನ ಸುಳ್ಳು ಅವರೆದುರು ಬಯಲಾಗುತ್ತದೆ. ಎದೆ ಅಂದು ಹೊಲದಲ್ಲಿ ಹೊಡೆದುಕೊಂಡಂತೆಯೇ ಹೊಡೆದುಕೊಂಡಿತು. ಲಿಂಗ ಅದರ ಮೇಲೆಯೇ ಇತ್ತು. ನಂದಿಯನ್ನು ಕಂಕುಳಲ್ಲಿ ಇರುಕಿಕೊಂಡು ಸರಸರನೆ ಹೊರಗಿಳಿದು, ಯಲ್ಲಪ್ಪನ ತೋಳು ಹಿಡಿದು ನಡೆಯತೊಡಗಿದೆ. ಅವನು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿ, ಅವ್ವಾರು ಏನೋ ಅಂದರಲ್ಲ ಎಂದು ಕೇಳಿದ.

"ಏನಿಲ್ಲ" ಎಂದೆ. "ಗಾಳಿ ಚೊಲೊ ಐತಿ, ಲಗೂ ಹೋಗ್ರಿ ಅಂದ್ರು."

ಅಂದು ಗಾಳಿ ಇರಲಿಲ್ಲ.